ತೊಟ್ಟಿಯ ಹೊಟ್ಟೆ

ಶೇಕಡಾ ಸಾಹೇಬ ಬಾಯಿ ತೆರೆದರೆ ಬರೀ ಅಂಕಿ. ಆ ಹೆಸರು ಬಂದದ್ದೇ ಹಾಗೆ. ಕಸದಿಂದ ಕರೆಂಟು ತೆಗೆಯುವ ಯೋಜನೆಗೆ ಅವನೇ ತಜ್ಞ. ಕಸವನ್ನು ಮಾತ್ರ ಜನ್ಮದಲ್ಲಿ ಮುಟ್ಟಿದ ಆಸಾಮಿಯಲ್ಲ. ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ, ಬಾಯಲ್ಲಿ ಉಪದೇಶ.

ಮಾರುಕಟ್ಟೆಯ ಹಿಂದಿನ ಗ್ಯಾಸ್ ತೊಟ್ಟಿಯನ್ನು ನಿಜಕ್ಕೂ ನಡೆಸುತ್ತಿದ್ದವಳು ತೊಟ್ಟಿಯಕ್ಕ. ಹದಿನೈದು ವರ್ಷ ಅದೇ ಮಾರುಕಟ್ಟೆ ಗುಡಿಸಿದವಳು. ದಿನಾ ಕೊಳೆತ ಸೊಪ್ಪು, ಹಣ್ಣಿನ ಸಿಪ್ಪೆ ಆರಿಸಿ, ಪ್ಲಾಸ್ಟಿಕ್ ಕಿತ್ತೆಸೆದು, ಸಗಣಿ ನೀರಲ್ಲಿ ಕದಡಿ, ಆರೇ ಆರು ಬಕೆಟ್ ಸುರಿಯುತ್ತಿದ್ದಳು. ಆ ಗ್ಯಾಸಿನಿಂದ ಎಂಜಿನ್ ಓಡಿ, ಪಕ್ಕದ ಹೆರಿಗೆ ಕೋಣೆಗೆ ದೀಪ. ಅಲ್ಲಿ ಅವಳ ನಾದಿನಿಯೇ ನರ್ಸು. ಈ ದೀಪ ಬರುವ ಮೊದಲು ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಎಷ್ಟೋ ಹೆರಿಗೆ ಮಾಡಿಸಿದವಳು.

"ದೀಪ ಒಂದಿದ್ರೆ ಸಾಕು ಅತ್ತಿಗೆ, ಮಿಕ್ಕಿದ್ದು ನಾನು ನೋಡ್ಕೋತೀನಿ" ಅನ್ನುತ್ತಿದ್ದಳು.

ಒಮ್ಮೆ ದೊಡ್ಡ ಮನುಷ್ಯರು ಘಟಕ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಸಾಹೇಬ ಜ್ಯೂಸ್ ಕಾರ್ಖಾನೆಯಿಂದ ಒಂದು ಲಾರಿ ನಿಂಬೆ ಹಿಪ್ಪೆ ತರಿಸಿದ.

"ಗ್ಯಾಸು ನೂರಕ್ಕೆ ಇನ್ನೂರಾಗ್ಬೇಕು. ಎಲ್ಲಾ ಸುರಿ."

"ಬೇಡ ಸಾರ್. ಇದೂ ನಮ್ಮ ಹೊಟ್ಟೆ ಥರಾನೇ. ಒಂದೇ ಸಲ ತುರುಕಿದ್ರೆ ಕೆಟ್ಟೋಗುತ್ತೆ."

"ನೀನು ನಂಗೆ ಪಾಠ ಹೇಳ್ತೀಯಾ?"

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಬಂತು? ಮಹಾಶಯ ಲಾರಿಯ ಆಳುಗಳಿಂದ ಮೂರು ದಿನ ಸುರಿಸಿಯೇ ಸುರಿಸಿದ. ನಾಲ್ಕನೆಯ ದಿನ ತೊಟ್ಟಿ ಹುಳಿಹಿಡಿದು ನಾರಿತು. ಗ್ಯಾಸು ಬುಸ್ಸೆಂದಿತೇ ಹೊರತು ಕಡ್ಡಿ ಗೀರಿದರೆ ಹತ್ತಲಿಲ್ಲ. ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಅಂದೇ ನೋಡಲು ಬಂದ ದೊಡ್ಡ ಮನುಷ್ಯರು ಬಿಸ್ಕತ್ತು ತಿಂದು, ಕೈ ಒರೆಸಿಕೊಂಡು ಕಾರು ಹತ್ತಿದರು.

ಮರುದಿನ ಸಾಹೇಬ ಕಾಗದ ಹಿಡಿದು ಬಂದ. 'ನಿರ್ವಾಹಕಿಯ ಅಜ್ಞಾನದಿಂದ ಘಟಕ ಕೆಟ್ಟಿದೆ' ಎಂದಿತ್ತು.

"ಸಹಿ ಹಾಕು. ತಪ್ಪು ನಿಂದು ಅಂತಾದ್ರೆ ನಿನ್ನನ್ನ ಬಿಡಿಸಿ ಬೇರೆಯವರನ್ನ ಹಾಕ್ತಾರೆ, ಅಷ್ಟೇ. ಇಲ್ಲಾಂದ್ರೆ ಯೋಜನೆನೇ ದಂಡ ಅಂತ ಎಲ್ಲಾ ಕಿತ್ಕೊಂಡು ಹೋಗ್ತಾರೆ."

ಥೂ, ಇವನ ಜನ್ಮಕ್ಕಿಷ್ಟು! ಕೋತಿ ತಾನು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ತೊಟ್ಟಿಯಕ್ಕನಿಗೆ ಮೈಯೆಲ್ಲ ಉರಿಯಿತು. ಕಾಗದ ಹರಿದು ಅವನ ಮುಖಕ್ಕೆ ಎಸೆಯಬೇಕೆನಿಸಿತು. ಆದರೆ ಹೆರಿಗೆ ಕೋಣೆಯಲ್ಲಿ ಚೊಚ್ಚಲ ಬಸುರಿಯೊಬ್ಬಳು ನರಳುತ್ತಿದ್ದಳು. ನಾದಿನಿ ಮತ್ತೆ ಟಾರ್ಚಿಗೆ ಸೆಲ್ ತುಂಬುತ್ತಿದ್ದಳು. ತೊಟ್ಟಿ ಇದ್ದರೆ ಇಂದಲ್ಲ ನಾಳೆ ಸರಿಹೋದೀತು, ಕಿತ್ತರೆ ಮುಗಿಯಿತು.

ಪೆನ್ನು ಇಸಿದುಕೊಂಡು ಸಹಿ ಹಾಕಿದಳು. ಅದರ ಕೆಳಗೆ ಇನ್ನೆರಡು ಸಾಲು ಬರೆದಳು: 'ಇಪ್ಪತ್ತು ದಿನ ಏನೂ ಹಾಕಬೇಡಿ. ಆಮೇಲೆ ದಿನಕ್ಕೆ ಅರ್ಧ ಬಕೆಟ್, ಹಸಿ ಸಗಣಿ ಮಾತ್ರ.'

ಸಾಹೇಬ ಓದಿದ. ಹುಬ್ಬು ಗಂಟಿಕ್ಕಿ ಮತ್ತೊಮ್ಮೆ ಓದಿದ.

"ಇಪ್ಪತ್ತು ದಿನ ಯಾಕೆ?"

"ಅಜ್ಞಾನಿನ ಕೇಳ್ತೀರಲ್ಲ ಸಾರ್!" ಎಂದು ತೊಟ್ಟಿಯಕ್ಕ ಪೆನ್ನನ್ನು ಅವನ ಕೈಗಿಟ್ಟು ಹೊರಟುಹೋದಳು.