ಚೂರಿಯಂಗಡಿಯ ಮಿಸ್ ಟ್ರೆಲೋರ್

ಕೋಪರ್ಸ್ ಕ್ರೀಕಿನ ಮುಖ್ಯ ಬೀದಿಗೆ ಡಾಂಬರು ಬಿದ್ದು ಒಂದು ತಲೆಮಾರು ಕಳೆದಿದ್ದರೂ, ಎಡ್ವೀನಾ ಟ್ರೆಲೋರ್ ಅದರ ಮೇಲೆ ನಡೆಯುತ್ತಿದ್ದದ್ದು ಹೊಳೆಗೆ ಅಡ್ಡಬಿದ್ದ ಪಾಚಿಗಟ್ಟಿದ ದಿಮ್ಮಿಯ ಮೇಲೆ ನಡೆದಂತೆಯೇ. ಮೊದಲು ಪಾದದ ತುದಿ ನೆಲವನ್ನು ಮುಟ್ಟಿ ವಿಚಾರಿಸಬೇಕು. ನೆಲ ಒಪ್ಪಿದ ಮೇಲೆ ಹಿಮ್ಮಡಿ ಊರಬೇಕು. ಹಿಮ್ಮಡಿ ನೆಲೆಗೊಂಡ ಮೇಲಷ್ಟೇ ದೇಹದ ಭಾರವೆಲ್ಲ ಅತ್ತ ಸರಿಯಬೇಕು. ಬ್ರೆಡ್ಡಿನ ಅಂಗಡಿಯಿಂದ ತಮ್ಮ ಅಂಗಡಿಗೆ ಬರಲು ಅವರು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಬಿಸಿ ಪೈ ಆರಿಹೋಗುತ್ತಿತ್ತು. ಹಿಂದೆ ಬರುವ ವಾಹನಗಳು ಕಾಯುತ್ತಿದ್ದವು. ಹಾರನ್ ಮಾಡುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ, ಏಕೆಂದರೆ ಟ್ಯಾಸ್ಮೇನಿಯಾದ ಪಶ್ಚಿಮದ ಆ ಮಳೆಕಾಡಿನಲ್ಲಿ ಹೀಗೆ ನಡೆಯದವರು ಏನಾದರೆಂಬುದು ಊರಿನ ಪ್ರತಿ ಮನೆಗೂ ಗೊತ್ತಿತ್ತು.

ಮಿಸ್ ಟ್ರೆಲೋರರ ಸ್ವಂತ ಅಣ್ಣ ವಿವಿಯನ್ ಒಂದು ಚಳಿಗಾಲದಲ್ಲಿ ಕಾಡಿಗೆ ಹೋದವನು ತಿರುಗಿ ಬಂದಿರಲಿಲ್ಲ. ಅವನ ಹೆಣ ಸಿಕ್ಕಾಗ ಪಕ್ಕದಲ್ಲಿ ಒಂದು ಮಡಿಚುವ ಚಾಕು, ಕೀಲು ಮುರಿದು, ಎರಡು ತುಂಡಾಗಿ ಬಿದ್ದಿತ್ತೆಂದು ಹಳಬರು ಹೇಳುತ್ತಾರೆ. ಮಿಸ್ ಟ್ರೆಲೋರ್ ಮಾತ್ರ ಎಂದೂ ಆ ಮಾತೆತ್ತಿದವರಲ್ಲ. ಅವನ ಎಣ್ಣೆಬಟ್ಟೆಯ ಮಳೆಕೋಟನ್ನು ತೋಳು ಮಡಿಚಿ ತಾವೇ ತೊಟ್ಟುಕೊಂಡರು. ಆ ಕೋಟಿನ ಎಡಜೇಬಿನಲ್ಲಿ ಸದಾ ಒಂದು ಸಾಣೆಕಲ್ಲು ಇರುತ್ತಿದ್ದುದರಿಂದ, ವರ್ಷಗಳು ಉರುಳಿದಂತೆ ಕೋಟು ಎಡಕ್ಕೆ ಜಗ್ಗಿತು, ಕೋಟಿನೊಂದಿಗೆ ಮಿಸ್ ಟ್ರೆಲೋರರೂ ಎಡಕ್ಕೆ ವಾಲಿದರು. ಅಂಗಡಿಯಲ್ಲಿ ಹಗ್ಗ, ಡೇರೆ, ಬೂಟು, ಸೀಮೆಎಣ್ಣೆಯ ಒಲೆ ಎಲ್ಲವೂ ಸಿಗುತ್ತಿದ್ದವು. ಮಡಿಚುವ ಚಾಕು ಮಾತ್ರ ಸಿಗುತ್ತಿರಲಿಲ್ಲ. ಕೇಳಿದವರಿಗೆ, "ಸೇಬು ಹೆಚ್ಚೋಕಾ? ಮನೇಲಿ ಕೂತು ಕಚ್ಚಿ ತಿನ್ನು, ಹಲ್ಲಿದೆಯಲ್ಲ" ಎನ್ನುತ್ತಿದ್ದರು.

ಅಂಗಡಿಯ ಜೀವಾಳವೆಂದರೆ ಗೋಡೆಯುದ್ದಕ್ಕೂ ಹಸಿರು ಉಣ್ಣೆಬಟ್ಟೆ ಹೊದಿಸಿದ ಹಲಗೆ, ಅದರ ಮೇಲೆ ಸಾಲಾಗಿ ಮಲಗಿದ್ದ ಮಡಿಚದ ಚೂರಿಗಳು. ಅಲಗುಗಳನ್ನು ಹೊರಗಿನಿಂದ ತರಿಸಿಕೊಳ್ಳುತ್ತಿದ್ದರು, ಹಿಡಿಗಳನ್ನು ತಮ್ಮ ಕೈಯಾರೆ ಮಾಡುತ್ತಿದ್ದರು. ಆ ನಾಡಿನ ಕರಿಮರದ ತುಂಡನ್ನು ಕೊರೆದು, ಉಜ್ಜಿ, ಅಗಸೆಎಣ್ಣೆಯನ್ನು ಮತ್ತೆ ಮತ್ತೆ ಕುಡಿಸಿ, ಕೊನೆಗೆ ಹಳೆಯ ಬನಿಯನ್ನಿನಿಂದ ತಿಕ್ಕಿ ತಿಕ್ಕಿ, ಅದರ ಎಳೆಗಳೆಲ್ಲ ಜೇನಿನೊಳಗೆ ಸಿಕ್ಕಿಬಿದ್ದ ಬೆಳಕಿನಂತೆ ಮಿನುಗುವವರೆಗೆ ಬಿಡುತ್ತಿರಲಿಲ್ಲ. ಅಷ್ಟು ಸುಂದರವಾದ ಹಿಡಿಯನ್ನು ಆ ಕರಾವಳಿಯಲ್ಲಿ ಬೇರೆ ಯಾರೂ ಮಾಡಲಾರರೆಂದು ಜನ ಹೇಳುತ್ತಿದ್ದರು. ಮಿಸ್ ಟ್ರೆಲೋರ್ ಅದನ್ನು ಅಲ್ಲಗಳೆಯುತ್ತಿರಲಿಲ್ಲ.

ಅಲ್ಲಗಳೆಯುವುದು ಅವರ ಮಾತಿನ ಧರ್ಮವಾಗಿದ್ದರಿಂದ ಇದು ಹೇಳತಕ್ಕ ಸಂಗತಿಯೇ. ಯಾವ ಮಾತಿಗೂ "ಅಲ್ವಾ?" ಎಂದು ಎದುರಿನವರನ್ನು ಕೇಳಿ, ಅವರು ತಲೆಯಾಡಿಸುವ ಮೊದಲೇ "ಅಲ್ಲ" ಎಂದು ತಾವೇ ತೀರ್ಪು ಕೊಟ್ಟುಬಿಡುತ್ತಿದ್ದರು. "ಇವತ್ತು ಮಳೆ ನಿಲ್ಲೋ ಹಂಗಿದೆ ಅಲ್ವಾ? ಅಲ್ಲ." "ಪಾದ್ರಿಗಳು ಚೆನ್ನಾಗಿ ಮಾತಾಡಿದರು ಅಲ್ವಾ? ಅಲ್ಲ."

ಹ್ಯೂ ಪ್ಯಾಸ್ಕೋ ಚೂರಿ ಕೊಳ್ಳಲು ಬಂದಾಗಲೂ ಹೀಗೆಯೇ ಆಯಿತು. ತವರದ ಗಣಿಯಲ್ಲಿ ಆಳುಗಳನ್ನು ಇಳಿಸಿ ಹತ್ತಿಸುವ ಯಂತ್ರ ನಡೆಸುತ್ತಿದ್ದ ಈ ಭಾರೀ ಮೈಯ, ಮಿತಭಾಷಿ ಮನುಷ್ಯ ಗಣಿ ಮುಚ್ಚಿದ ಮೇಲೆ ಕಾಡಿನಲ್ಲಿ ದಾರಿ ತಪ್ಪಿದವರನ್ನು ಹುಡುಕುವ ಊರಿನ ಸ್ವಯಂಸೇವಕರ ತಂಡಕ್ಕೆ ಸೇರಿದ್ದ. ತಂಡದವರೆಲ್ಲರ ಬಳಿಯೂ ಸ್ವಂತ ಚೂರಿ ಇರಬೇಕೆಂಬುದು ನಿಯಮ. ಮಿಸ್ ಟ್ರೆಲೋರ್ ಅವನ ಮುಖ ನೋಡಲಿಲ್ಲ. ಗಿರಾಕಿಯ ಮುಖ ಅವರು ನೋಡುತ್ತಲೇ ಇರಲಿಲ್ಲ; ಕೈ ಮೇಲೆತ್ತಿಸಿ, ಅಂಗೈ ತಿರುಗಿಸಿ, ಬೆರಳು ಮಡಿಸಿ ನೋಡಿ, "ಹ್ಞೂಂ, ಯಾವುದು ಬೇಕು?" ಎಂದರು.

ಹ್ಯೂ ಮೂಲೆಯಲ್ಲಿ ಮೊಳೆಗೆ ತೂಗುಬಿದ್ದಿದ್ದ ಒಂದನ್ನು ತೋರಿಸಿದ. ಮೊಳಕೈ ಉದ್ದದ ಅಲಗು, ಬೆನ್ನಿಗೆ ಗರಗಸದ ಹಲ್ಲು, ಪೊಳ್ಳು ಹಿಡಿ, ಹಿಡಿಯ ಮುಚ್ಚಳದಲ್ಲಿ ದಿಕ್ಸೂಚಿ.

"ಭರ್ಜರಿಯಾಗಿದೆ ಅಲ್ವಾ? ಅಲ್ಲ. ಏನು ಕೊಯ್ತೀಯ ಅದರಲ್ಲಿ, ಮೊಸಳೇನಾ? ಈ ಸೀಮೇಲಿ ಮೊಸಳೆ ಇಲ್ಲ ಕಣಯ್ಯಾ."

"ಗರಗಸಾನೂ ಇದೆಯಲ್ಲ ಮಿಸ್, ಎಲ್ಲಾ ಒಂದರಲ್ಲೇ ಆಗತ್ತೆ ಅಂತ."

"ಎಲ್ಲಾ ಒಂದರಲ್ಲೇ ಆಗೋದು ಶವಪೆಟ್ಟಿಗೇಲಿ. ಇಲ್ಲಿ ನೋಡು. ಅಲಗು ಇಲ್ಲಿಗೇ ನಿಂತುಹೋಗಿದೆ, ಹಿಡಿ ಬರೀ ಡಬ್ಬ. ನಿನ್ನ ಬೆನ್ನುಮೂಳೆ ಕುತ್ತಿಗೇಲೇ ನಿಂತುಬಿಟ್ಟಿದ್ರೆ ನೀನು ಹೇಗೆ ನಡೀತಿದ್ದೆ?" ಅವರು ತಮ್ಮ ಹಲಗೆಯಿಂದ ಒಂದನ್ನೆತ್ತಿದರು. "ಇದು ಕೊನೇತನಕ ಒಂದೇ ಕಬ್ಬಿಣ. ಉದ್ದ ನಿನ್ನ ಅಂಗೈ ಅಗಲಕ್ಕಿಂತ ಚೂರು ಜಾಸ್ತಿ, ಸಾಕು. ಬೆನ್ನು ದಪ್ಪ ಇದೆ, ಮರಕ್ಕಿಟ್ಟು ದೊಣ್ಣೇಲಿ ಹೊಡೆದು ಸೀಳಿದರೂ ತಡ್ಕೊಳತ್ತೆ. ಒರೆಸದೇ ಬಿಟ್ರೆ ತುಕ್ಕು ಹಿಡಿಯತ್ತೆ, ಹೌದು. ಆದರೆ ಹೊಳೆಕಲ್ಲಲ್ಲಿ ಉಜ್ಜಿದರೂ ಹರಿತ ಬರತ್ತೆ."

ಹ್ಯೂ ಅದನ್ನು ಹಿಡಿದು ನೋಡಿದ. ಅವನ ಕಣ್ಣು ಮೂಲೆಯ ಕಡೆಗೇ ಹೋಯಿತು. ಮಿಸ್ ಟ್ರೆಲೋರ್ ನಿಟ್ಟುಸಿರುಬಿಟ್ಟು, "ಅಂಗಡಿಯೊಳಗೆ ಎಲ್ಲಾ ಚೂರಿನೂ ಒಳ್ಳೇವೇ. ಶನಿವಾರ ಬಾ, ಕಾಡಿಗೆ ಹೋಗೋಣ. ಅಲ್ಲಿ ಆರಿಸ್ಕೋ" ಎಂದರು. ಆ ಎರಡನ್ನೂ ಚೀಲಕ್ಕೆ ಹಾಕಿದ ಮೇಲೆ, ಮೀನುಗಾರರಿಗೆಂದು ಬಾಗಿಲ ಬಳಿಯ ಬಕೆಟ್ಟಿನಲ್ಲಿ ತುಂಬಿಟ್ಟಿದ್ದ ಕಿತ್ತಳೆ ಬಣ್ಣದ ರಬ್ಬರು ಹಿಡಿಯ ಅಗ್ಗದ ಚೂರಿಗಳಲ್ಲಿ ಒಂದನ್ನೂ ಎಸೆದರು.

"ಅದು ಯಾಕೆ ಮಿಸ್?"

"ಕೆಟ್ಟದ್ದು ಹೇಗಿರತ್ತೆ ಅಂತ ಗೊತ್ತಾಗಬೇಡ್ವಾ?"

ಮನೆಗೆ ಬರಿಗೈಯಲ್ಲಿ ಬಂದವನನ್ನು ಹೆಂಡತಿ ಥೆಲ್ಮಾ ಕಂಡು, "ಚೂರಿ ತರೋಕೆ ಹೋಗಿ ಬೈಸ್ಕೊಂಡು ಬಂದ್ಯಾ? ಅದನ್ನ ಇಲ್ಲೇ ಕೊಡ್ತಿದ್ನಲ್ಲ, ಅಷ್ಟು ದೂರ ಯಾಕೆ ಹೋದೆ?" ಎಂದಳು.

ಆ ಶನಿವಾರ ಬಂದದ್ದು ಜನವರಿಯಲ್ಲಿ, ಆ ದಕ್ಷಿಣದ ಸೀಮೆಗೆ ಅದು ನಡುಬೇಸಿಗೆ. ಬೆಳಗ್ಗೆ ಬಿಸಿಲಿತ್ತು. ಮರ್ಟಲ್ ಮರಗಳ ಕೆಳಗೆ ಹಸಿರು ಕತ್ತಲೆಯಲ್ಲಿ ಅವರಿಬ್ಬರೂ ನಡೆದರು. ಮುಂದೆ ಮಿಸ್ ಟ್ರೆಲೋರ್, ಹಿಂದೆ ಹ್ಯೂ. ದಾರಿಯುದ್ದಕ್ಕೂ ಪಾಠ. ನೆಲದ ಮೇಲೆ ಬಿದ್ದ ಕಟ್ಟಿಗೆ ಮುಟ್ಟಬೇಡ, ಅದು ಸ್ಪಂಜು. ನಿಂತಲ್ಲೇ ಸತ್ತ ಮರ ಹುಡುಕು, ಅದನ್ನು ಸೀಳು, ಒಣಗಿದ್ದು ಅದರ ಹೊಟ್ಟೆಯಲ್ಲಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿ ನೈಋತ್ಯದಿಂದ ಬೀಸತೊಡಗಿತು. ಆ ದಿಕ್ಕಿನ ಕಡಲಿನಾಚೆ ಮಂಜುಗಡ್ಡೆಯ ಖಂಡದ ಹೊರತು ಬೇರೇನೂ ಇಲ್ಲವಾದ್ದರಿಂದ ಬೇಸಿಗೆಯಲ್ಲೂ ಆ ಗಾಳಿ ಹಿಮದ ಹರಳನ್ನು ಹೊತ್ತು ತರುತ್ತದೆ. ಇಬ್ಬರೂ ಊರಿನ ಕಡೆ ಹಿಂದಿರುಗಿ ಹೊರಟರು. ಹೊಳೆಗೆ ಅಡ್ಡಲಾಗಿದ್ದ ದಿಮ್ಮಿಯ ಮೇಲೆ ಮಿಸ್ ಟ್ರೆಲೋರ್ ಪಾದದ ತುದಿ ಇಟ್ಟು ವಿಚಾರಿಸಿದರು, ಹಿಮ್ಮಡಿ ಊರಿದರು, ಭಾರ ಸರಿಸಿದರು. ಅವರು ಜಾರಲಿಲ್ಲ, ಒಳಗೇ ಕೊಳೆತಿದ್ದ ದಿಮ್ಮಿ ಇಬ್ಭಾಗವಾಗಿ ಕುಸಿಯಿತು.

ಹ್ಯೂ ಎದೆಮಟ್ಟದ ನೀರಿಗಿಳಿದು ಅವರನ್ನು ಎಳೆದು ದಡಕ್ಕೆ ಹಾಕಿದ. ಅವರ ಪಾದ ತಿರುಚಿಕೊಂಡಿತ್ತು. ಹಿಮದ ಹರಳು ಓರೆಯಾಗಿ ಸುರಿಯತೊಡಗಿತ್ತು. ಹಿಂದೆಂದೋ ಬೆಂಕಿ ತಿಂದು ಪೊಟರೆ ಮಾಡಿದ್ದ ಒಂದು ದೊಡ್ಡ ಮರದೊಳಗೆ ಅವರನ್ನು ಕೂರಿಸಿ, ತನ್ನ ಚೀಲದಲ್ಲಿ ನೆನೆಯದೆ ಉಳಿದಿದ್ದ ಸ್ವೆಟರು ತೊಡಿಸಿದ. ಅವರ ಕೋಟಿನ ಒಳಜೇಬಿನಲ್ಲಿ, ಮೇಣ ಹಾಕಿ ಮುಚ್ಚಿದ ಡಬ್ಬಿಯಲ್ಲಿ, ಬೆಂಕಿಕಡ್ಡಿ ಒಣಗಿಯೇ ಇತ್ತು. ನಿಂತು ಸತ್ತ ಒಂದು ಸಣ್ಣ ಮರವನ್ನು ಅವನು ಮೈಭಾರ ಹಾಕಿ ಮುರಿದು ತಂದ. ಇನ್ನು ಸೀಳಬೇಕು.

ಮೊದಲು ಎತ್ತಿಕೊಂಡದ್ದು ಆಸೆಪಟ್ಟ ದೊಡ್ಡ ಚೂರಿ. ಬೆನ್ನಿನ ಹಲ್ಲುಗಳು ದೊಣ್ಣೆಯನ್ನು ಅಗಿದವು; ಕೆಲವೇ ಏಟಿಗೆ ಅಲಗು ಒಂದು ಕಡೆ, ಡಬ್ಬದ ಹಿಡಿ ಒಂದು ಕಡೆ.

"ಹೇಳಿದ್ನಲ್ಲ" ಎಂದರು ಮಿಸ್ ಟ್ರೆಲೋರ್, ಹಲ್ಲು ಕಟಕಟಿಸುತ್ತ. "ನಂದು ತಗೋ."

ಅವನು ಕರಿಮರದ ಹಿಡಿಯನ್ನು ಹಿಡಿದ. ಅಲಗು ಅಚ್ಚುಕಟ್ಟಾಗಿ ಮರದೊಳಗಿಳಿಯಿತು. ಆದರೆ ಬೆರಳುಗಳಲ್ಲಿ ಜೀವವಿರಲಿಲ್ಲ, ಹಿಡಿ ನೆನೆದು ನುಣುಪಾಗಿ ಮೀನಿನಂತೆ ಅಂಗೈಯಲ್ಲಿ ತಿರುಗಿತು. ಮತ್ತೆ ಹಿಡಿದ, ಮತ್ತೆ ತಿರುಗಿತು. ಮೂರನೆಯ ಸಲ ಒತ್ತಿದಾಗ ಕೈ ಮುಂದಕ್ಕೆ ಜಾರಿ ಅಲಗಿನ ಮೇಲೆಯೇ ಹೋಯಿತು. ಅವನಿಗೆ ನೋವಾಗಲಿಲ್ಲ, ಕಟ್ಟಿಗೆ ಕೆಂಪಾದದ್ದನ್ನು ಮೊದಲು ಕಂಡದ್ದು ಮಿಸ್ ಟ್ರೆಲೋರ್.

"ಕೈ ತೋರಿಸು" ಎಂದರು. ತೋರಿಸಿದ. ಅವರು ಬಹಳ ಹೊತ್ತು ಆ ಕೈಯನ್ನೇ ನೋಡಿದರು.

ಕರವಸ್ತ್ರ ಸುತ್ತಿಕೊಂಡು ಹ್ಯೂ ಕಿತ್ತಳೆ ಹಿಡಿಯದನ್ನು ತೆಗೆದುಕೊಂಡ. ದಪ್ಪ ಹಿಡಿ, ತರಿತರಿ ರಬ್ಬರು, ಬೆರಳು ಮುಂದೆ ಜಾರದಂತೆ ಒಂದು ತಡೆ. ಸತ್ತ ಬೆರಳುಗಳಲ್ಲೂ ಅದು ನಿಂತಿತು. ತೆಳುವಾದ ತುಂಡುಗಳನ್ನೇ ಆರಿಸಿ, ಮೆಲ್ಲಗೆ ತಟ್ಟಿ ತಟ್ಟಿ ಸೀಳಿದ. ಒಳಗಿನ ಮರ ಹಳದಿಯಾಗಿ ಒಣಗಿ ಸುವಾಸನೆ ಬೀರುತ್ತಿತ್ತು. ಅದನ್ನು ಸುರುಳಿ ಸುರುಳಿಯಾಗಿ ಹೆರೆಯಲು ಕೂತಾಗ ಅವನಿಗೊಂದು ಭಯ ಹತ್ತಿತು: ಬೈಗುಳ ನಿಂತುಹೋಗಿತ್ತು. ಮಿಸ್ ಟ್ರೆಲೋರರ ನಡುಕವೂ ನಿಂತಿತ್ತು. ನಡುಕ ನಿಲ್ಲುವುದು ಒಳ್ಳೆಯ ಲಕ್ಷಣವಲ್ಲವೆಂದು ತಂಡದವರು ಅವನಿಗೆ ಕಲಿಸಿದ್ದರು.

"ಮಿಸ್, ಸುರುಳಿ ಇಷ್ಟು ದಪ್ಪ ಇದ್ರೆ ಸಾಕಾ?"

ಉತ್ತರವಿಲ್ಲ.

"ಮಿಸ್, ತುಕ್ಕು ಹಿಡಿಯದ ಉಕ್ಕೇ ವಾಸಿ ಅಂತಾರೆ ಜನ. ನಿಜ ಅಲ್ವಾ?"

ತುಟಿ ಅಲುಗಿತು. ಬಹಳ ದೂರದಿಂದ ಬಂದಂತೆ, "ಅ...ಲ್ಲ."

ಆ ಒಂದು ಶಬ್ದಕ್ಕೆ ಹ್ಯೂ ಜನ್ಮಜನ್ಮಾಂತರಕ್ಕೆ ಋಣಿ. ಅವನು ಹೆರೆದ, ಸುಳ್ಳು ಹೇಳಿದ, ಮತ್ತೆ ಹೆರೆದ. ದೊಡ್ಡ ಚೂರಿಯೇ ಶ್ರೇಷ್ಠವೆಂದ, ಮಡಿಚುವ ಚಾಕು ಕಾಡಿಗೆ ಪ್ರಶಸ್ತವೆಂದ, ಕಾಡಿನ ಪಾಠವೆಲ್ಲ ಪುಸ್ತಕದಲ್ಲೇ ಸಿಗುತ್ತದೆಂದ. ಒಂದೊಂದು ಸುಳ್ಳಿಗೂ ಅವರಿಂದ ಕ್ಷೀಣವಾದ ಒಂದೊಂದು "ಅಲ್ಲ" ಎಳೆದು ತಂದ. ಕೊನೆಗೆ ಸುರುಳಿಗಳ ಪೊದೆಗೆ ಕಡ್ಡಿ ಗೀರಿದಾಗ ಜ್ವಾಲೆ ಒಂದು ಕ್ಷಣ ಅನುಮಾನಿಸಿ, ಆಮೇಲೆ ಏರಿತು. ಬೆಂಕಿ ಮೊಣಕಾಲೆತ್ತರವಾಗಿ, ಪೊಟರೆಯ ಗೋಡೆ ಬೆಚ್ಚಗಾಗಿ, ಎಷ್ಟೋ ಹೊತ್ತಿನ ಮೇಲೆ ಮಿಸ್ ಟ್ರೆಲೋರರಿಗೆ ನಡುಕ ಮರಳಿತು, ನಡುಕದ ಹಿಂದೆಯೇ ಮಾತೂ ಮರಳಿತು.

"ಹೊಗೆ ಜಾಸ್ತಿಯಾಯ್ತು. ಹಸೀದು ಹಾಕಿದೀಯ."

ಹ್ಯೂ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡ. ಹೊಗೆಯೆಂದು ಅವರು ತಿಳಿದರೋ ಇಲ್ಲವೋ.

ಜಾಸ್ತಿಯಾದ ಆ ಹೊಗೆಯೇ ಕೆಲಸಕ್ಕೆ ಬಂತು. ಹಿಮ ಬಿದ್ದೊಡನೆ ಥೆಲ್ಮಾ ತಂಡದವರ ಬಾಗಿಲು ಬಡಿದಿದ್ದಳು. ಬೇಸಿಗೆಯ ದೀರ್ಘ ಸಂಜೆಯ ಬೆಳಕಿನ್ನೂ ಇರುವಾಗಲೇ ಅವರು ಹೊಗೆ ಕಂಡು ಬಂದರು. ಮಿಸ್ ಟ್ರೆಲೋರರನ್ನು ಹೊತ್ತು ನಡೆಯುವಾಗ, ಕಾಲಿಡುವ ರೀತಿ ಸರಿಯಿಲ್ಲವೆಂದು ಅವರು ಪ್ರತಿಯೊಬ್ಬನನ್ನೂ ತಿದ್ದಿದರಂತೆ.

ಗಾಯ ಮಾಗುತ್ತಿದ್ದ ಹಾಗೆ ಹ್ಯೂ ಥೆಲ್ಮಾ ಮಾಡಿದ ಜೇನಿನ ಕೇಕ್ ಹಿಡಿದು ಅಂಗಡಿಗೆ ಹೋದ. ಕೃತಜ್ಞತೆ ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದ. ಒಳಗೆ ಕರ್ ಕರ್ ಸದ್ದು. ಮಿಸ್ ಟ್ರೆಲೋರ್ ಕಾಲನ್ನು ಪೆಟ್ಟಿಗೆಯ ಮೇಲೆ ಚಾಚಿಕೊಂಡು, ಹಲಗೆಯ ಚೂರಿಗಳನ್ನೆಲ್ಲ ಮಡಿಲ ಬಳಿ ಗುಡ್ಡೆಹಾಕಿಕೊಂಡು, ಒರಟು ಅರದಿಂದ ಒಂದೊಂದೇ ಹಿಡಿಯನ್ನು ಉಜ್ಜುತ್ತಿದ್ದರು. ವರ್ಷಗಳ ಮೆರುಗು ಕಂದು ಪುಡಿಯಾಗಿ ನೆಲಕ್ಕುದುರುತ್ತಿತ್ತು.

"ಏನ್ ಮಿಸ್ ಇದು?"

"ಕಾಣಲ್ವಾ? ಮೆರುಗು ತೆಗೀತಿದೀನಿ."

"ಎಲ್ಲದಕ್ಕೂ? ಎಷ್ಟು ಚೆಂದ ಇತ್ತು."

"ಚೆಂದ ಇತ್ತು ಅಲ್ವಾ?" ಎಂದ ಅವರು, ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ, "ಹೌದು" ಎಂದರು. "ಅಲಗಿನ ವಿಷಯ ನಾನು ಹೇಳಿದ್ದು ಸರಿ. ಅದನ್ನ ಬಿಡಲ್ಲ. ಹಿಡಿ ವಿಷಯದಲ್ಲಿ ಆ ರಬ್ಬರು ಸರಿ. ಬೆಚ್ಚಗಿರೋ ಅಂಗಡೀಲಿ ಕೂತು ಬೆಚ್ಚಗಿರೋ ಕೈಗೆ ಹಿಡಿ ಮಾಡಿದೆ ನಾನು. ಕೈ ಕೊಡು ಇಲ್ಲಿ."

ಅವನ ಅಂಗೈಯ ಕೆಂಪು ಗೆರೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. ಹ್ಯೂ ಜೋಡಿಸಿಟ್ಟ ವಾಕ್ಯವೆಲ್ಲ ಮರೆತುಹೋಗಿ, "ಒಣಗಿದ್ದು ಮರದ ಹೊಟ್ಟೇಲಿರತ್ತೆ ಅಂತ ನೀವು ಹೇಳದಿದ್ರೆ ನಾವಿಬ್ಬರೂ ಇರ್ತಿರ್ಲಿಲ್ಲ ಮಿಸ್" ಎಂದಷ್ಟೇ ಹೇಳಿದ.

"ನನ್ನ ಚೂರೀನ ನೀನು ಆಚೆ ಇಡದಿದ್ರೂ ಇರ್ತಿರ್ಲಿಲ್ಲ. ಕೇಕ್ ಕುಯ್ಯಿ, ನಿಂತ್ಕೊಂಡೇ ಇದೀಯಲ್ಲ."

ಆಮೇಲೆ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು. ಚೂರಿ ಆರಿಸುವವರು ಮೊದಲು ಮಂಜುಗಡ್ಡೆ ಹಾಕಿದ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿ, ಬೆರಳು ಮರಗಟ್ಟಿದ ಮೇಲಷ್ಟೇ ಹಿಡಿಗಳನ್ನು ಹಿಡಿದು ನೋಡಬೇಕು. ಹೋಬಾರ್ಟ್ ಪಟ್ಟಣದಿಂದ ಬಂದ ಒಬ್ಬರು ಇದೇನು ಹುಚ್ಚೆಂದು ಕೇಳಿದ್ದಕ್ಕೆ, "ನಾನು ಮಾಡಿದ ಹಿಡಿ ಜಾರಿತು, ಒಬ್ಬನ ಕೈ ಸೀಳಿತು. ನಿಮ್ಮದೂ ಸೀಳಬಾರದು ಅಂತ" ಎಂದು ಹವಾಮಾನ ಹೇಳುವಷ್ಟು ಸರಾಗವಾಗಿ ಹೇಳಿದರು. ಹ್ಯೂಗೆಂದು ಅವರು ಮಾಡಿಕೊಟ್ಟ ಚೂರಿಯ ಹಿಡಿ ದಪ್ಪಗೆ, ಮಂಕಾಗಿ, ಅಡ್ಡಡ್ಡ ಗೀರುಗಳಿಂದ ತುಂಬಿ, ನೋಡಲು ಕುರೂಪವಾಗಿತ್ತು. ಮುಂದಿನ ಚಳಿಗಾಲದಲ್ಲಿ ದಾರಿ ತಪ್ಪಿದ್ದ ದಂಪತಿಗಳಿಗೆ ಅವನು ಬೆಂಕಿ ಹಾಕಿಕೊಟ್ಟದ್ದು ಅದರಿಂದಲೇ. ಆಮೇಲೆ ಹುಟ್ಟಿದ ಅವರ ಪುಟ್ಟ ಮಗಳು ಈಗ ಊರಿನ ಶಾಲೆಗೆ ಹೋಗುತ್ತಾಳೆ.

ತಮಗೆ ತಿಳಿದದ್ದನ್ನು ನಮಗೆ ಕೊಡುವ ಹಿರಿಯರು ಎಲ್ಲ ಊರಲ್ಲೂ ಇದ್ದಾರೆ. ಅವರಿಂದ ಉಪಕಾರವಾಗುತ್ತದೆ, ಅವರ ಗತ್ತೂ ಸಹ್ಯವೇ. ಆದರೆ ಜೀವನವಿಡೀ ಹಟದಿಂದ ಹಿಡಿದು ನಡೆದ ತಿಳಿವಳಿಕೆಯ ಒಂದು ಭಾಗ ತಪ್ಪೆಂದು ಕಂಡಾಗ, ಅಷ್ಟನ್ನೇ ತಮ್ಮ ಕೈಯಾರೆ ಉಜ್ಜಿ ತೆಗೆದು, ಉಳಿದದ್ದನ್ನು ಅದೇ ಹಟದಿಂದ ಹಿಡಿದುಕೊಳ್ಳಬಲ್ಲವರು ವಿರಳ. ಅಂಥವರು ಪ್ರೀತಿಸಿದ್ದು ತಮ್ಮ ಅಭಿಪ್ರಾಯವನ್ನಲ್ಲ, ಅದನ್ನು ನಂಬಿ ಕಾಡಿಗೆ ಹೋಗುವವರ ಪ್ರಾಣವನ್ನು. ಅವರಿಂದ ಬೈಸಿಕೊಂಡು ಬೆಳೆದವರು ಆ ಋಣವನ್ನು ಅವರಿಗೇ ತೀರಿಸಲಾರರು. ಇನ್ನಾರದೋ ಚಳಿಗೆ ಬೆಂಕಿ ಹಾಕಬಹುದು, ಅಷ್ಟೇ.