ಹೊರಬಾಗಿಲ ಗುಂಡಿ

ಹಸಿರು ಬಿದ್ದರೆ ಮನೆಗೆ, ಕೆಂಪು ಬಿದ್ದರೆ ಕೋಣೆಗೆ. ವಜ್ರದ ಗಣಿಯಲ್ಲಿ ನಾವು ಹೆಂಗಸರು ಕಲ್ಲು ಆರಿಸುವ ಕಟ್ಟಡಕ್ಕೆ ಇರುವುದು ಒಂದೇ ಹೊರಬಾಗಿಲು. ಅದರ ಪಕ್ಕದ ಗೋಡೆಯಲ್ಲಿ ಒಂದು ಗುಂಡಿ. ಪಾಳಿ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ ಅದನ್ನು ಒತ್ತಬೇಕು. ಮೇಲಿನ ದೀಪ ತನಗೆ ತೋಚಿದ ಬಣ್ಣ ತೋರಿಸುತ್ತದೆ. ಅದಕ್ಕೆ ತನ್ನವರು ಪರರು ಅಂತಿಲ್ಲ. ಹದಿನೈದು ವರ್ಷ ದುಡಿದ ನಾನೂ ಒಂದೇ, ನಿನ್ನೆ ಬಂದವಳೂ ಒಂದೇ. ಕೆಂಪು ಬಿದ್ದವಳನ್ನು ಬಲಗಡೆಯ ಕೋಣೆಗೆ ಕರೆದೊಯ್ದು ತಲೆಯಿಂದ ಕಾಲಿನವರೆಗೆ ಎಕ್ಸ್‌ರೇ ತೆಗೆಯುತ್ತಾರೆ, ಕಲ್ಲು ನುಂಗಿದ್ದಾಳೋ ಏನೋ ಅಂತ.

ಫೋಟೋ ತೆಗೆದ ಹಾಗೆ ಅಷ್ಟೇ, ಏನೂ ಆಗುವುದಿಲ್ಲ ಅನ್ನುತ್ತಾರೆ. ಹಾಗಿದ್ದರೆ ಯಂತ್ರ ನಡೆಸುವ ಪುಣ್ಯಾತ್ಮ ಸೀಸದ ಗೋಡೆಯ ಹಿಂದೆ ಯಾಕೆ ಅವಿತುಕೊಳ್ಳುತ್ತಾನೆ? ಇದನ್ನು ನಾನು ಒಮ್ಮೆ ಕೇಳಿಯೇಬಿಟ್ಟಿದ್ದೆ. ಮೇಲ್ವಿಚಾರಕಿ ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನಗೆ ಬಾಯಿ ಜಾಸ್ತಿ ಅಂದರು. ನಿಜವೇ. ಬಾಯಿ ಜಾಸ್ತಿ, ಧೈರ್ಯ ಕಡಿಮೆ. ಜಿರಲೆ ಕಂಡರೆ ಕುರ್ಚಿ ಹತ್ತುವವಳು ನಾನು.

ಆದರೆ ಆ ಎರಡು ತಿಂಗಳು ನಾನು ಹೆದರಿದ್ದು ಅಂಥ ಹೆದರಿಕೆಯಲ್ಲ. ನಲವತ್ತೊಂದನೇ ವಯಸ್ಸಿನಲ್ಲಿ ನನಗೆ ನಾಲ್ಕನೇ ಸಲ ಬಸಿರು ನಿಂತಿತ್ತು. ಮೊದಲಿನ ಮೂರೂ ಹೋಗಿದ್ದವು. ಎರಡನೆಯದು ಹೋದಾಗ, ಅದೇ ವಾರ ಎರಡು ದಿನ ಕೆಂಪು ಬಿದ್ದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡ ಅಂದರು ಕಂಪನಿ ಡಾಕ್ಟರು. ಸಂಬಂಧ ಇಲ್ಲದೆಯೂ ಇರಬಹುದು. ಆದರೆ ಕಳೆದುಕೊಂಡವಳಿಗೆ ಆ ಮಾತು ತಲೆಗೆ ಹೋಗುತ್ತದೆ, ಎದೆಗೆ ಇಳಿಯುವುದಿಲ್ಲ.

ಬಸುರಿ ಅಂತ ಹೇಳಿಬಿಡಬಹುದಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಹೇಳಿದರೆ ಕೋಣೆ ತಪ್ಪುತ್ತದೆ, ಜೊತೆಗೆ ಕೆಲಸವೂ ತಪ್ಪುತ್ತದೆ. ಡಾಕ್ಟರ ಚೀಟಿ ಕೊಟ್ಟ ದಿನವೇ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ, ಹೆಸರು ಹೋಗಿ ತಿಂಗಳೊಳಗೆ ಕಂಪನಿ ಕ್ವಾರ್ಟರ್ಸ್ ಬಿಡಬೇಕು. ನನ್ನ ಗಂಡ ಹನ್ನೆರಡು ವರ್ಷ ಗಣಿಯ ಆಳದಲ್ಲಿ ಬಂಡೆ ಕೊರೆದವರು. ಈಗ ಎದೆ ತುಂಬ ಧೂಳು. ಬಚ್ಚಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಎರಡು ಕಡೆ ಗೋಡೆ ಹಿಡಿದು ನಿಲ್ಲುತ್ತಾರೆ. ಅವರನ್ನು ಕಟ್ಟಿಕೊಂಡು ಯಾವ ಬೀದಿಗೆ ಹೋಗಲಿ? ಇನ್ನು ಚೀಟಿ ಇಲ್ಲದೆ ಬರೀ ಬಾಯಿಮಾತಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಹೋದ ವರ್ಷ, ನಾವು ಗುಬ್ಬಿ ಅಂತ ಕರೆಯುತ್ತಿದ್ದ ಒಬ್ಬಳು ಬಸುರಿ ಅಂತ ಹೇಳಿ ಕೋಣೆ ತಪ್ಪಿಸಿದ್ದಳು. ಹೊಟ್ಟೆಯಲ್ಲಿದ್ದದ್ದು ಬಟಾಣಿ ಗಾತ್ರದ ಕಲ್ಲು. ಅಂದಿನಿಂದ ಆ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಹಾಗಾಗಿ ಆದಷ್ಟು ದಿನ ಮುಚ್ಚಿಡುವುದು, ಅಷ್ಟರಲ್ಲಿ ಮೈದುನ ಪೇಟೆಯಲ್ಲಿ ಎಲ್ಲಾದರೂ ಒಂದು ರೂಮು ಹುಡುಕುತ್ತಾನೆ ಅಂತ ಕಾದಿದ್ದೆ. ಹುಡುಕು ಅಂತ ಅವನಿಗೆ ಹೇಳಿದ್ದೆನೇ ಹೊರತು ಯಾಕೆ ಅಂತ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಆ ಮನುಷ್ಯ ಮೂರು ಸಲ ಅತ್ತಿದ್ದು ಸಾಕು.

ನಮ್ಮ ಕೆಲಸ ನೋಡುವುದಕ್ಕೆ ಸುಲಭ. ಎಲ್ಲ ಕಡೆ ಮುಚ್ಚಿದ ಗಾಜಿನ ಪೆಟ್ಟಿಗೆ, ಅದಕ್ಕೇ ಅಂಟಿಸಿದ ರಬ್ಬರ್ ಕೈಗವಸು. ಹೊರಗಿನಿಂದ ಕೈ ತೂರಿಸಿ, ಒಳಗೆ ಹರಿದು ಬರುವ ಪುಡಿಗಲ್ಲಿನಲ್ಲಿ ವಜ್ರ ಆರಿಸಿ, ಬೀಗ ಹಾಕಿದ ಡಬ್ಬಿಗೆ ಬೀಳಿಸಬೇಕು. ಹೊಳಪೂ ಇಲ್ಲ, ಮಣ್ಣೂ ಇಲ್ಲ, ಕಲ್ಲುಪ್ಪಿನ ಹಾಗೆ ಮಂಕಾಗಿರುತ್ತವೆ. ಯಾರೋ ಬೆರಳಿಗೆ ಹಾಕಿಕೊಂಡು ಮೆರೆಯುವುದು ಇದನ್ನೇನಾ ಅನ್ನಿಸುತ್ತದೆ. ಕೈಗವಸು ಹರಿದು ಕಲ್ಲು ಹೊರಗೆ ಜಾರುವುದುಂಟು. ನೆಲಕ್ಕೆ ಏನು ಬಿದ್ದರೂ ನಾವು ಬಗ್ಗುವ ಹಾಗಿಲ್ಲ, ಕೈ ಮೇಲೆತ್ತಿ ಮೇಡಂ ಅವರನ್ನು ಕರೆಯಬೇಕು. ವಾಂತಿ ಬಂದರೆ ಅದನ್ನೂ ಚೀಲದಲ್ಲಿ ಹಿಡಿದು, ಸೋಸಿ ನೋಡಿ, ಯಾಕೆ ಬಂತು ಅಂತ ಡಾಕ್ಟರ ಹತ್ತಿರ ಅಟ್ಟುತ್ತಾರೆ. ಎರಡು ತಿಂಗಳು ಬಾಯಿವರೆಗೆ ಬಂದದ್ದನ್ನೆಲ್ಲ ನಾನು ವಾಪಸ್ಸು ನುಂಗಿದ್ದೇನೆ.

ಅದನ್ನು ಕಂಡುಹಿಡಿದವಳು ನನ್ನ ವಾರಗಿತ್ತಿ, ಆ ಮೈದುನನ ಹೆಂಡತಿ, ಪಕ್ಕದ ಪೆಟ್ಟಿಗೆಯವಳು. ನಮ್ಮಿಬ್ಬರದು ಹಾವು ಮುಂಗುಸಿಯ ನಂಟು. ನನ್ನ ಅಡುಗೆಗೆ ಅವಳು ಮೂಗು ಮುರಿಯುತ್ತಾಳೆ, ಅವಳ ಜಂಬಕ್ಕೆ ನಾನು. ಆ ದಿನ ಮಾತ್ರ ನನ್ನ ಕಡೆ ತಿರುಗದೆ, ತುಟಿ ಅಲ್ಲಾಡಿಸದೆ ಕೇಳಿದಳು:

“ಎಷ್ಟು ತಿಂಗಳಕ್ಕಾ?”

“ಏನೆಷ್ಟು?”

“ನನ್ನ ಹತ್ರ ನಾಟಕ ಬೇಡ. ಬೆಳಗ್ಗಿಂದ ಮೂರು ಸಲ ಕಣ್ಣು ಮುಚ್ಚಿ ನುಂಗಿದ್ದೀರ.”

ಒಪ್ಪಿಕೊಂಡೆ. ಅಂದಿನಿಂದ ಅವಳು ಸಾಲಿನಲ್ಲಿ ನನ್ನ ಬೆನ್ನಿಗೆ ನಿಲ್ಲತೊಡಗಿದಳು. ಅವಳದೊಂದು ಉಪಾಯ ಇತ್ತು. ಸ್ವಲ್ಪ ದಿನದ ಹಿಂದೆ ಸಾಲಿನಲ್ಲಿ ಯಾರೋ ಕಲ್ಲು ಬಿದ್ದ ಸದ್ದಾಯಿತು ಅಂದಿದ್ದಕ್ಕೆ ನೆಲವೆಲ್ಲ ಗುಡಿಸಿ ಜಾಲಾಡಿದ್ದರು. ಏನೂ ಸಿಗದೆ, ಎಲ್ಲರನ್ನೂ ಮತ್ತೆ ಮೊದಲಿನಿಂದ ನಿಲ್ಲಿಸಿ ಹೊಸದಾಗಿ ಗುಂಡಿ ಒತ್ತಿಸಿದ್ದರು. ನಿಮಗೆ ಕೆಂಪು ಬಿದ್ದರೆ ನಾನು ಅದೇ ಮಾತು ಹೇಳ್ತೀನಿ, ಎರಡನೇ ಸಲ ಹಸಿರು ಬಿದ್ದೇ ಬೀಳತ್ತೆ ಅಂದಳು. ಕೇಳಿ ನನಗೆ ಸ್ವಲ್ಪ ಜೀವ ಬಂತು. ಆದರೂ ಪಾಳಿ ಮುಗಿಯುವ ಮಧ್ಯಾಹ್ನ ಎರಡು ಗಂಟೆ ಹತ್ತಿರ ಬರುತ್ತಿದ್ದ ಹಾಗೆ ಗಡಿಗಡಿಗೆ ಗಡಿಯಾರ ನೋಡುವುದು ತಪ್ಪಲಿಲ್ಲ. ದಿನಾ ಹಸಿರು ಬೀಳುತ್ತಿತ್ತು, ದಿನಾ ಬಾಗಿಲಾಚೆ ಬಂದು ನಾನು ಕಂಬ ಹಿಡಿದು ನಿಲ್ಲುತ್ತಿದ್ದೆ. ಮೂವತ್ತೊಂಬತ್ತು ದಿನ ಹಾಗೆ ಆಯಿತು.

ನಲವತ್ತನೆಯ ದಿನ ಸಾಲಿನಲ್ಲಿ ಮೊದಲು ನಿಂತವಳು ನಾನು. ಕೆಂಪು ಬಿತ್ತು.

ಬೆರಳು ಗುಂಡಿಯ ಮೇಲೇ ಇತ್ತು. ತೆಗೆದರೆ ದೀಪ ನಿಜವಾಗಿಬಿಡುತ್ತದೆ ಅಂತ ತೆಗೆಯಲಿಲ್ಲ. ತಪಾಸಣೆಯವಳು ನನ್ನ ತೋಳು ಹಿಡಿದು ಬಲಕ್ಕೆ ತಿರುಗಿಸುವಷ್ಟರಲ್ಲಿ ಹಿಂದಿನಿಂದ ವಾರಗಿತ್ತಿಯ ದನಿ ಕೇಳಿತು, ಒಂದು ನಿಮಿಷ ತಡೀರಿ, ಇಲ್ಲಿ ಕಲ್ಲು ಬಿದ್ದ ಸದ್ದಾಯ್ತು ಅಂತ. ಎರಡೂ ಕೈ ಮೇಲೆತ್ತಿ ನಿಂತಿದ್ದಳು, ನಿಯಮದ ಪ್ರಕಾರ.

ಕಾವಲಿನ ಮುಖ್ಯಸ್ಥ ಬಂದ. ಅವನಿಗೆ ನಾವಿಟ್ಟ ಹೆಸರು ಇಸ್ತ್ರಿ. ಬಟ್ಟೆಯಲ್ಲೂ ಸುಕ್ಕಿಲ್ಲ, ಮುಖದಲ್ಲೂ ಸುಕ್ಕಿಲ್ಲ. ಇಬ್ಬರು ಮಂಡಿಯೂರಿ ನೆಲವನ್ನು ಬ್ರಷ್ಷಿನಿಂದ ಗುಡಿಸಿದರು, ಸಂದುಗಳಿಗೆ ಬ್ಯಾಟರಿ ಬಿಟ್ಟರು. ಏನೂ ಸಿಗಲಿಲ್ಲ. ಇನ್ನೇನು ಹಿಂದಕ್ಕೆ ಹೋಗಿ ಸಾಲು ನಿಲ್ಲಿ ಅನ್ನುತ್ತಾನೆ ಅಂತ ನಾನು ಕಾದಿದ್ದೆ. ಇಸ್ತ್ರಿ ಗಡಿಯಾರ ನೋಡಿಕೊಂಡು ಬಹಳ ಸಾವಧಾನವಾಗಿ ಹೇಳಿದ:

“ಎರಡನೇ ಸಲ ಆಯ್ತು ಇದು. ನೆಲದ ಮೇಲಿಲ್ಲ ಅಂದ್ರೆ ಮೈಯಲ್ಲಿರ್ಬೇಕು. ಈ ಪಾಳಿಯ ಹತ್ತೊಂಬತ್ತು ಜನಾನೂ ಕೋಣೆಗೆ ಹೋಗಿ.”

ವಾರಗಿತ್ತಿಯ ಕೈ ಮೇಲಿದ್ದದ್ದು ಮೇಲೇ ಉಳಿಯಿತು. ಅವಳ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ. ಅವಳ ತಪ್ಪಲ್ಲ. ಆದರೂ ಆ ಕ್ಷಣ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅದನ್ನೂ ಹೇಳಿಬಿಡುತ್ತೇನೆ.

ಎಲ್ಲರನ್ನೂ ಕೋಣೆಯ ಬಾಗಿಲಿಗೆ ಸಾಲು ಮಾಡಿದರು. ದೀಪ ಮೊದಲೇ ಕೆಂಪು ತೋರಿಸಿದ್ದರಿಂದ ನಾನೇ ಮೊದಲು. ಒಳಗೆ ಯಂತ್ರ ಗುಂಯ್ ಅನ್ನತೊಡಗಿತು. ಬಾಗಿಲು ತೆರೆಯಿತು. ಮನೆ, ಮಂಚ, ಗೋಡೆ ಹಿಡಿದು ನಿಂತ ಗಂಡ, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಹೊಟ್ಟೆಯಲ್ಲಿದ್ದದ್ದು ಕಣ್ಣಮುಂದೆ ಬರಲಿಲ್ಲ, ಅದಕ್ಕಿನ್ನೂ ಮುಖವಿಲ್ಲ. ಆದರೆ ನನ್ನ ಕಾಲು ಅದರ ಮಾತನ್ನೇ ಕೇಳಿತು, ಹೊಸ್ತಿಲು ದಾಟಲಿಲ್ಲ.

“ನಾನು ಬಸುರಿ” ಅಂದೆ.

ಇಸ್ತ್ರಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಚೀಟಿ ಎಲ್ಲಿ ಅಂತ ಕೇಳಿದ. ಇಲ್ಲ ಅಂದೆ. ಕಲ್ಲು ಕಾಣೆಯಾದ ದಿನವೇ ನೆನಪಾಯಿತಾ ಅಂದ. ತಪಾಸಣೆಯವಳು ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಒಳಕ್ಕೆ ನೂಕಿದಳು. ನಾನು ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಆಗ ಸಾಲಿನ ನಡುವಿನಿಂದ ಒಬ್ಬಳು ಮುಂದೆ ಬಂದಳು. ಎರಡನೇ ಮೇಜಿನ ಉದ್ದನೆಯವಳು, ಯಾರೊಂದಿಗೂ ಹೆಚ್ಚು ಮಾತಾಡದವಳು. ನಾನೂ ಅಂದಳು, ಅಷ್ಟೇ. ನನಗೆ ಸಹಾಯ ಮಾಡಲು ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡೆ. ಅವಳು ಅಂಗಿಯ ಗುಂಡಿ ಬಿಚ್ಚಿ ಒಳಗೆ ಹೊಟ್ಟೆಗೆ ಬಿಗಿಯಾಗಿ ಸುತ್ತಿದ್ದ ಬಟ್ಟೆ ತೋರಿಸಿದಳು. ಆರು ತಿಂಗಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಕೊನೆಯಲ್ಲಿದ್ದ ಎಲ್ಲರಿಗಿಂತ ಚಿಕ್ಕವಳು ಅಳುತ್ತಾ ಬಂದಳು, ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಹತ್ತೊಂಬತ್ತು ಜನರಲ್ಲಿ ನಾಲ್ವರು. ಒಂದೇ ಸಾಲಿನಲ್ಲಿ ನಿಂತು, ಒಂದೇ ಗುಂಡಿ ಒತ್ತಿ, ಒಬ್ಬರಿಗೊಬ್ಬರು ತಿಳಿಯದ ಹಾಗೆ ನಾಲ್ವರೂ ದಿನಾ ಸತ್ತು ಬದುಕುತ್ತಿದ್ದೆವು.

ಇಸ್ತ್ರಿ ಆ ಬಟ್ಟೆಯನ್ನು ನೋಡಿದ, ಮುಖ ಬೇರೆ ಕಡೆ ತಿರುಗಿಸಿದ, ಫೋನ್ ಹಿಡಿದು ಮೇಲಿನವರ ಜೊತೆ ಮಾತಾಡಿದ. ಬಂದ ಅಪ್ಪಣೆ ಚಿಕ್ಕದು. ನಾಲ್ವರನ್ನು ಯಂತ್ರಕ್ಕೆ ಹಾಕಬೇಡಿ, ಡಾಕ್ಟರು ಬರುವವರೆಗೆ ಕೂರಿಸಿ, ನಾಳೆಯಿಂದ ಪಟ್ಟಿಯಲ್ಲಿ ಇವರ ಹೆಸರು ಬೇಡ. ಉಳಿದವರು ಒಬ್ಬೊಬ್ಬರಾಗಿ ಕೋಣೆಗೆ ಹೋದರು. ವಾರಗಿತ್ತಿ ಹೋಗುವಾಗ ನನ್ನ ಮುಂದೆ ನಿಂತು, ನಾನೇ ಮನೆ ಕಳೆದೆ ಅಕ್ಕಾ ಅಂದಳು. ಅವಳ ಕೈ ಹಿಡಿದೆ.

ನಾವು ನಾಲ್ವರು ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತೆವು. ಮನೆ ಹೋಯಿತು, ಮಗು ಉಳಿಯಿತು ಅಂತ ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಗಂಡನಿಗೆ ಯಾವ ಬಾಯಲ್ಲಿ ಹೇಳಲಿ ಅಂತ ಯೋಚಿಸುತ್ತಿದ್ದೆ. ಆಗ ಪಕ್ಕದಲ್ಲಿದ್ದ ಚಿಕ್ಕವಳು ನನ್ನ ತೋಳಿಗೆ ಅಂಟಿಕೊಂಡು ಕಿವಿಯ ಹತ್ತಿರ ಬಂದಳು.

“ಅಕ್ಕಾ, ನೀವು ದೊಡ್ಡೋರು, ನಿಮಗೆ ಗೊತ್ತಿರತ್ತೆ. ನನಗೆ ಈ ತಿಂಗಳು ನಾಲ್ಕು ಸಲ ಕೆಂಪು ಬಿತ್ತು. ಹೇಳೋಕೆ ಭಯ ಆಗಿ ನಾಲ್ಕು ಸಲಾನೂ ಒಳಗೆ ಹೋದೆ. ಏನೂ ಆಗಲ್ಲ ಅಲ್ವಾ?”

ಯಂತ್ರ ಗುಂಯ್ ಅನ್ನುತ್ತಲೇ ಇತ್ತು.

“ಏನೂ ಆಗಲ್ಲ ಕಣೇ” ಅಂದೆ.

ಅವಳು ನಂಬಿ, ನನ್ನ ಭುಜಕ್ಕೆ ತಲೆ ಇಟ್ಟು ಕಣ್ಣು ಮುಚ್ಚಿದಳು. ಡಾಕ್ಟರು ಬರುವವರೆಗೂ ನಾನು ಅಲ್ಲಾಡದೆ ಕೂತಿದ್ದೆ, ನನ್ನ ಹೆದರಿಕೆ ಅವಳಿಗೆ ಗೊತ್ತಾಗಬಾರದು ಅಂತ.