ನಾಲ್ಕು ಕಳಿಸಿದೆ, ಒಂದೂ ಬರಲಿಲ್ಲ

ಕಪಾಟಿನ ಮೇಲಿನ ಡಬ್ಬಿ ಸತ್ತದ್ದನ್ನು ಮೊದಲು ಕಂಡವಳು ನಾನೇ.

ಎರಡು ಗೇಣು ಉದ್ದದ ಕರಿ ಡಬ್ಬಿ ಅದು. ಬನಹಟ್ಟಿಯ ಕಾಲೇಜಿನಲ್ಲಿ ನಾನು ಕಸ ಹೊಡೆಯುತ್ತಿದ್ದ ಕಂಪ್ಯೂಟರ್ ಕೋಣೆಯಲ್ಲಿ ಹದಿನಾರು ಯಂತ್ರಗಳಿದ್ದವು. ಅವುಗಳಿಂದ ಹೊರಟ ನೀಲಿ ವೈರುಗಳೆಲ್ಲ ಗೋಡೆಗುಂಟ ಹೋಗಿ ಆ ಡಬ್ಬಿಯನ್ನೇ ಸೇರುತ್ತಿದ್ದವು. ಒಂದು ಯಂತ್ರದ ಮಾತು ಇನ್ನೊಂದಕ್ಕೆ ಮುಟ್ಟಬೇಕಾದರೆ ಅದರೊಳಗಿಂದಲೇ ಹಾಯಬೇಕು. ದಿನಾ ಬೆಳಿಗ್ಗೆ ಧೂಳು ಒರೆಸುವಾಗ ಯಂತ್ರಕ್ಕೊಂದರಂತೆ ಅದರ ಹಸಿರು ದೀಪಗಳು ಪಿಳಿಪಿಳಿ ಎನ್ನುತ್ತಿದ್ದವು. 2007ರ ಜೂನಿನಲ್ಲಿ, ಮಿರಗದ ಮಳೆಗೆ, ಕಾಲೇಜಿನ ಹಿಂದಿನ ಬೇವಿನ ಗಿಡಕ್ಕೆ ಸಿಡಿಲು ಹೊಡೆಯಿತು. ಮರುದಿನ ಬಂದು ನೋಡಿದರೆ ಒಂದು ದೀಪವೂ ಇಲ್ಲ.

ಕಂಪ್ಯೂಟರ್ ಕಲಿಸುವ ಶಶಿಕಾಂತ ಸರ್ ಸ್ಟೂಲ್ ಹತ್ತಿ ಅದನ್ನು ಬಡಿದರು, ಪಿನ್ನು ಕಿತ್ತು ಮತ್ತೆ ಹಾಕಿದರು.

“ಸುಟ್ಟೈತಿ ಆಯಿ. ಹೊಸಾದ ತರಸೂಣು.”

ಹೊಸದು ಬರಲಿಲ್ಲ. ಆ ವರ್ಷ ಕೋರ್ಸಿನ ತಪಾಸಣೆಗೆ ವಿಶ್ವವಿದ್ಯಾಲಯದವರು ಬರುವವರಿದ್ದರು. ಕೆಟ್ಟಿದೆ ಎಂದು ಕಾಗದದ ಮೇಲೆ ಬರೆದರೆ ಕೋರ್ಸೇ ಮುಚ್ಚುತ್ತದೆ ಎಂದು ಪ್ರಿನ್ಸಿಪಾಲರು ಹೇಳಿದರಂತೆ. ತಪಾಸಣೆಯವರು ಬಂದರು, ಚಹಾ ಕುಡಿದರು, ಬಾಗಿಲಲ್ಲಿ ನಿಂತು ಯಂತ್ರ ಎಣಿಸಿಕೊಂಡು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು. ಡಬ್ಬಿಯನ್ನು ನಾನು ಒರೆಸುತ್ತಲೇ ಇದ್ದೆ.

ಶಶಿಕಾಂತ ಸರ್ ಕೆಟ್ಟವರಲ್ಲ. ಇದನ್ನು ಈಗಲೇ ಹೇಳಿಬಿಡಬೇಕು. ಮುಧೋಳದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದ, ಕಾಯಂ ಅಲ್ಲದ ಮಾಸ್ತರರು. ಅವರಂತೆ ಪಾಠ ಹೇಳಿದವರನ್ನು ಆ ಕಾಲೇಜಿನಲ್ಲಿ ನಾನು ಕಾಣಲಿಲ್ಲ. 2009ರ ಜನವರಿಯಲ್ಲಿ ನೆಟ್‌ವರ್ಕಿಂಗ್ ಪೇಪರಿನ ಮೊದಲ ತಾಸಿಗೆ ಮಗ್ಗದ ಶೆಡ್ಡಿನಿಂದ ಒಂದು ಕೋನು ನೂಲು ತಂದಿದ್ದರು. ಎಂಟು ಮಂದಿಯನ್ನು ಸುತ್ತ ನಿಲ್ಲಿಸಿ, ಒಬ್ಬೊಬ್ಬರಿಗೆ ಒಂದು ನಂಬರು ಕೊಟ್ಟು, ಒಂದೊಂದು ಎಳೆ ಹಿಡಿಸಿದರು. ಎಂಟೂ ಎಳೆಗಳ ಇನ್ನೊಂದು ತುದಿ ನಡುವೆ ನಿಂತ ಪೂನಮ್ ಎಂಬ ಹುಡುಗಿಯ ಕೈಯಲ್ಲಿ. ಒಬ್ಬರು ಕಳಿಸಿದ ಚೀಟಿಯ ಮೇಲಿನ ನಂಬರು ಓದಿ, ಅದೇ ನಂಬರಿನ ಎಳೆಗೆ ಪೋಣಿಸಿ ಜಾರಿಸುವುದು ಅವಳ ಕೆಲಸ. ಮಹಾಲಿಂಗ ಎಂಬ ತುಂಟ ತನ್ನ ಎಳೆಯನ್ನು ಮೆಲ್ಲಗೆ ಕೈಬಿಟ್ಟ. ಚೀಟಿ ನೆಲಕ್ಕೆ ಬಿತ್ತು.

“ಸರ್, ಮುಟ್ಟೇತೋ ಇಲ್ಲೋ ಕಳಿಸಿದಾಂವಗ ಹೆಂಗ ಗೊತ್ತಾಕೈತ್ರಿ?” ಎಂದು ಪೂನಮ್ ಕೇಳಿದಳು.

“ತಿರುಗಿ ಉತ್ತರ ಬರಬೇಕು. ಬಂತು, ಮುಟ್ಟೇತಿ. ಬರಲಿಲ್ಲ, ಬರಲಿಲ್ಲ ಅಂತ ಬರಕೊಂಡು ಎಲ್ಲಿ ಕಡದೈತಿ ಹುಡುಕಬೇಕು. ಈ ಪೇಪರಿನ ಜೀವ ಇಷ್ಟ ನೋಡ್ರಿ.”

ಬಾಗಿಲ ಹೊರಗೆ ಕಸಬರಿಗೆ ಹಿಡಿದು ನಿಂತಿದ್ದ ನನಗೂ ತಿಳಿಯಿತು.

ಆದರೆ ಪ್ರಾಕ್ಟಿಕಲ್ಲಿನ ಕಥೆಯೇ ಬೇರೆ. ಅಲ್ಲಿ ಒಂದು ಯಂತ್ರದಿಂದ ಇನ್ನೊಂದನ್ನು ಕರೆಯಬೇಕು. ಅದು ನಾಲ್ಕು ಸಲ ಕರೆದು, ಎಷ್ಟಕ್ಕೆ ಉತ್ತರ ಬಂತೆಂದು ತಾನೇ ಎಣಿಸಿ ತೋರಿಸುತ್ತದೆ. ಅದನ್ನು ಜರ್ನಲಿನಲ್ಲಿ, ಅಂದರೆ ಪ್ರಯೋಗದ ವಹಿಯಲ್ಲಿ, ಬರೆಯಬೇಕು. ಡಬ್ಬಿ ಸತ್ತ ಮೇಲೆ ಯಾರಿಗೆ ಉತ್ತರ ಬರಬೇಕು? ಅದು ಬದುಕಿದ್ದಾಗ ಯಾರೋ ಬರೆದ 2006ರ ಜರ್ನಲೊಂದು ಕಪಾಟಿನಲ್ಲಿತ್ತು. ಎಲ್ಲರೂ ಅದನ್ನೇ ನೋಡಿ ಇಳಿಸಿಕೊಳ್ಳುತ್ತಿದ್ದರು. ಅದರ ರಟ್ಟು ಹರಿದಾಗ ಮೂರು ಸಲ ಅಂಟು ಹಚ್ಚಿ ಕೊಟ್ಟವಳು ನಾನೇ.

ಏಪ್ರಿಲ್‌ನಲ್ಲಿ ಒಂದು ದಿನ ಸರ್ ಪೂನಮ್‌ಳ ಜರ್ನಲ್ ಹಿಡಿದು ಕೂತಿದ್ದರು.

“ಇದೇನ ಬರದೀಯವಾ? ಕಳಿಸಿದ್ದು ನಾಲ್ಕು, ಬಂದದ್ದು ಸೊನ್ನಿ?”

“ಹೌದ್ರಿ ಸರ್. ನಾಲ್ಕು ಕಳಿಸಿದೆ, ಒಂದೂ ಬರಲಿಲ್ಲ.”

“ಎಲ್ಲಾರಿಗೂ ಬಂದೈತಿ. ನಿನಗಷ್ಟ ಬರಲಿಲ್ಲೇನು?”

“ಅವರು ಕಂಪ್ಯೂಟರ್ ಚಾಲೂನೂ ಮಾಡಿಲ್ರಿ. ಈ ಮಹಾಲಿಂಗ ತಾರೀಖ ಸುದ್ದಾ 2006 ಅಂತ ಬರದಾನ.”

ಕೋಣೆಯೆಲ್ಲ ನಕ್ಕಿತು. ಮಹಾಲಿಂಗ ಬಿಡಲಿಲ್ಲ. “ಏ ಕುರಿ ಎಣಿಸಾಕಿ, ಸುಮ್ಮ ಬರದ ಬಿಡಬೇ. ನಿಮ್ಮ ಹುನ್ನೂರ ಬಸ್ ಹೋಗತೈತಿ.”

“ಎಣಿಸೂದು ನಮ್ಮಪ್ಪಲೇ. ಸಂಜಿಗೆ ಒಂದ ಕುರಿ ಕಡಿಮಿ ಬಂದ್ರ ಕಡಿಮಿ ಅಂತಾನ. ಎಲ್ಲಾ ಬಂದಾವ ಅಂತ ಹೇಳಿ ಉಣ್ಣಾಕ ಕುಂದ್ರೂದಿಲ್ಲ.”

ಸರ್ ಜರ್ನಲ್ ಮುಚ್ಚಿದರು. “ತಿದ್ದಕೊಂಡ ಬಾ. ತಿದ್ದಲಿಲ್ಲಂದ್ರ ನನ್ನ ಸಹಿ ಇಲ್ಲ. ಸಹಿ ಇಲ್ಲಂದ್ರ ಪರೀಕ್ಷಿಗೆ ಕುಂದ್ರೂ ಹಂಗಿಲ್ಲ.”

ಮಧ್ಯಾಹ್ನ ಪೂನಮ್ ಮೆಟ್ಟಿಲ ಮೇಲೆ ನನ್ನ ಪಕ್ಕ ಬುತ್ತಿ ಬಿಚ್ಚಿದಳು, ರೊಟ್ಟಿ ಮುರಿಯಲಿಲ್ಲ. ಒಂದು ವಿಷಯ ಉಳಿದರೂ ಓದು ಸಾಕು ಎಂದು ಅವಳ ಕಾಕಾ ಮೊದಲೇ ಹೇಳಿಟ್ಟಿದ್ದನಂತೆ.

“ಆಯಿ, ಒಂದ ಮಾತ ಹೇಳ್ರಿ. ನನ್ನ ಕಂಪ್ಯೂಟರ್ ತನ್ನನ್ನ ತಾನ ಕರದ್ರ ಓ ಅಂತೈತಿ. ಬಾಜೂಕಿಂದು ಕರದ್ರ ಸುಮ್ಮ. ವೈರೂ ಸರಿ ಐತಿ. ಆ ಮ್ಯಾಲಿನ ಡಬ್ಬಿ ಸತ್ತೈತೇನ್ರಿ?”

“ನನಗೇನ ತಿಳೀತೈತಿ ತಂಗಿ. ನಾ ಕಸಾ ಹೊಡಿಯಾಕಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ರೊಟ್ಟಿ ತಿಂದಳು.

ಸುಳ್ಳು ಹೇಳಿದ್ದಕ್ಕೆ ಕಾರಣವಿತ್ತು. ಕಾಗದದ ಮೇಲೆ ನಾನು ಕಸ ಹೊಡೆಯುವವಳಲ್ಲ, ಪ್ರಯೋಗಾಲಯದ ಸಹಾಯಕಿ. ತಿಂಗಳ ಕೊನೆಗೊಮ್ಮೆ ಸರ್ ಒಂದು ರಿಜಿಸ್ಟರ್ ತೆರೆದು ಬೆರಳಿಟ್ಟು “ಇಲ್ಲಿ ಆಯಿ” ಎನ್ನುತ್ತಿದ್ದರು. ನಾನು ಸಹಿ ಮಾಡುತ್ತಿದ್ದೆ. ಐವತ್ತೆರಡು ವರ್ಷದವರೆಗೆ ಹೆಬ್ಬೆಟ್ಟು ಒತ್ತಿದವಳು. ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತ ಮೇಲೆ ಸಹಿ ಮಾಡೆಂದು ಕೇಳುವವರು ಸಿಕ್ಕರೆ ಸಾಕಾಗಿತ್ತು. ಶಿವಗಂಗವ್ವ ಎಂದು ಬರೆಯುವಾಗ ಕೊನೆಯ ಒತ್ತಕ್ಷರ ಗೆರೆ ಬಿಟ್ಟು ಕೆಳಗಿಳಿಯುತ್ತಿತ್ತು. ನನ್ನ ಗಮನವೆಲ್ಲ ಅದನ್ನು ಹಿಡಿದು ನಿಲ್ಲಿಸುವುದರಲ್ಲೇ. ಸಹಿಯ ಮೇಲೆ ಏನು ಬರೆದಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಆದರೂ ಡಬ್ಬಿಯ ಮಾತೆತ್ತಿದರೆ ಅದು ಆ ಸಹಿಗೇ ಬಂದು ನಿಲ್ಲುತ್ತದೆ ಎಂಬ ಅಂಜಿಕೆ ಒಳಗಿತ್ತು.

ಅಂದು ಸಂಜೆ ಕೋಣೆಗೆ ಬೀಗ ಹಾಕುವ ಮುಂಚೆ ರಿಜಿಸ್ಟರ್ ತೆಗೆದು ಓದಿದೆ. ಕನ್ನಡದಲ್ಲೇ ಇತ್ತು. ‘ಹದಿನಾರು ಕಂಪ್ಯೂಟರ್, ಸ್ವಿಚ್ ಮತ್ತು ಎಲ್ಲ ವೈರುಗಳನ್ನು ಪರೀಕ್ಷಿಸಿದೆ. ಸುಸ್ಥಿತಿಯಲ್ಲಿವೆ.’ ಆ ಡಬ್ಬಿಗೆ ಸ್ವಿಚ್ ಎನ್ನುತ್ತಾರೆಂದು ಪಾಠ ಕೇಳಿ ಗೊತ್ತಿತ್ತು. ಡಬ್ಬಿ ಸತ್ತ ಮೇಲೆ ಇಪ್ಪತ್ತೆರಡು ಸಲ, ಇಪ್ಪತ್ತೆರಡು ಸಹಿ. ಕಡೆಕಡೆಯ ಸಹಿಗಳಲ್ಲಿ ಒತ್ತಕ್ಷರ ಗೆರೆಯ ಮೇಲೆ ನೆಟ್ಟಗೆ ನಿಂತಿತ್ತು.

ಪರೀಕ್ಷೆಯ ದಿನ ಬಿಜಾಪುರದಿಂದ ರಂಜನಾ ಮೇಡಂ ಎಂಬ ಪರೀಕ್ಷಕರು ಬಂದರು. ಹುಡುಗರು ಜರ್ನಲ್ ಹಿಡಿದು ಒಳಗೆ ಹೋದರು. ಪೂನಮ್ ತಿದ್ದಿರಲಿಲ್ಲ, ವರಾಂಡದ ಕಂಬಕ್ಕೆ ಆತು ನಿಂತಿದ್ದಳು. ಹನ್ನೊಂದಕ್ಕೆ ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕರೆಂಟ್ ಹೋಗಿತ್ತು. ಕಂಪ್ಯೂಟರುಗಳೂ ಆರಿದವು.

“ಕರೆಂಟ್ ಬರೂಮಟ ಜರ್ನಲ್ ಅರ ನೋಡೂಣು,” ಎಂದ ಮೇಡಂ ಹೊರಗೆ ಕಣ್ಣು ಹಾಯಿಸಿದರು. “ಆ ಹುಡುಗಿ ಯಾಕ ಹೊರಗ ನಿಂತಾಳ್ರಿ?”

“ಜರ್ನಲ್ ಸರಿ ಬರದಿಲ್ರಿ ಮೇಡಂ,” ಎಂದರು ಸರ್.

ಮೇಡಂ ಅವಳನ್ನು ಕರೆದು ಪುಟ ತಿರುವಿದರು. ಸೊನ್ನೆ ಬರೆದ ಪುಟಕ್ಕೆ ಬಂದು ನಿಂತರು. ಉಳಿದವರ ಜರ್ನಲುಗಳಲ್ಲಿ ಅದೇ ಪುಟ ತೆಗೆದು ಒಂದರ ಪಕ್ಕ ಒಂದು ಇಟ್ಟರು.

“ಮೂವತ್ತೊಂದು ಮಂದಿಗೆ ಉತ್ತರ ಬಂದೈತಿ, ಅದೂ ಒಂದ ನಮೂನಿ. ಈಕಿಗೆ ಬಂದಿಲ್ಲ. ಯಾವುದು ಖರೆ?”

ಶಶಿಕಾಂತ ಸರ್ ಪ್ರಿನ್ಸಿಪಾಲರ ಕಡೆ ನೋಡಿದರು. ಪ್ರಿನ್ಸಿಪಾಲರೇ ರಿಜಿಸ್ಟರ್ ತಂದು ಮುಂದಿಟ್ಟರು. “ನೆಟ್‌ವರ್ಕ್ ಚಾಲೂ ಐತ್ರಿ ಮೇಡಂ. ತಿಂಗಳಾ ತಪಾಸ ಮಾಡಿ ಸಹಿ ಮಾಡ್ಯಾರ. ಹುಡುಗಿ ತಪ್ಪ ಮಾಡ್ಯಾಳ.”

ಮೇಡಂ ತಲೆಯೆತ್ತಿ ಡಬ್ಬಿ ನೋಡಿದರು. ಕರೆಂಟ್ ಇಲ್ಲದಾಗ ಸತ್ತ ಡಬ್ಬಿಯೂ ಬದುಕಿದ ಡಬ್ಬಿಯೂ ಒಂದೇ.

“ಶಿವಗಂಗವ್ವ ಅಂದ್ರ ಯಾರು?”

ಹುಡುಗರು ಒಬ್ಬರನ್ನೊಬ್ಬರು ನೋಡಿದರು. ಅವರಿಗೆ ನಾನು ಆಯಿ ಅಷ್ಟೇ. ಬಾಗಿಲಿನಿಂದ ಒಳಗೆ ಬಂದೆ.

“ಇದು ನಿಮ್ಮ ಸಹಿ ಏನ್ರಿ?”

“ನಂದರಿ. ಓದಿ ಮಾಡಿದ್ದಲ್ರಿ. ಆ ಡಬ್ಬಿ ಸತ್ತು ಎರಡ ವರ್ಷ ಆಗಾಕ ಬಂತು. ಹುಡುಗಿ ಬರದದ್ದು ಖರೆ ಐತ್ರಿ.”

“ನಿಮಗ ಓದಾಕ ಬರತೈತೇನು?”

ಪ್ರಿನ್ಸಿಪಾಲರು ನನ್ನನ್ನೇ ನೋಡುತ್ತಿದ್ದರು. ಬರುವುದಿಲ್ಲ ಎಂದಿದ್ದರೆ ಪಾರಾಗುತ್ತಿದ್ದೆ. ಓದು ಬಾರದ ಮುದುಕಿಯ ಕೈ ಹಿಡಿದು ಯಾರೋ ಬರೆಸಿದರು ಎಂದಾಗುತ್ತಿತ್ತು.

“ಬರತೈತ್ರಿ,” ಎಂದೆ.

ಒಂದು ಗಂಟೆಗೆ ಕರೆಂಟ್ ಬಂತು. ಮಗ್ಗಗಳ ಸದ್ದು ಎದ್ದಿತು, ಯಂತ್ರಗಳು ಹೊತ್ತಿದವು. ಡಬ್ಬಿ ಹಾಗೇ ಇತ್ತು. ಮೇಡಂ ತಾವೇ ಕೂತು ನಾಲ್ಕು ಸಲ ಕರೆದು ನೋಡಿದರು. ಬಳಿಕ ಪೂನಮ್‌ಳ ಜರ್ನಲ್ಲನ್ನು ಸರ್ ಮುಂದೆ ಸರಿಸಿ, “ಸಹಿ ಮಾಡ್ರಿ,” ಎಂದರು. ಸರ್ ಮಾಡಿದರು.

ಅಂದಿನ ಪರೀಕ್ಷೆ ರದ್ದಾಯಿತು. ಮೂರು ವಾರದ ಮೇಲೆ ಎಲ್ಲರೂ ಜಮಖಂಡಿಗೆ ಹೋಗಿ ಬೇರೆ ಕಾಲೇಜಿನಲ್ಲಿ ಬರೆದರು. ಪೂನಮ್ ಪಾಸಾದಳು. ಹನ್ನೊಂದು ಮಂದಿ ನಪಾಸಾದರು, ಮಹಾಲಿಂಗನೂ ಸೇರಿ. ಅವನ ತಾಯಿ ಸುಂದರವ್ವ ಸಂತೆಯಲ್ಲಿ ನನ್ನ ಸೆರಗು ಹಿಡಿದು ನಿಲ್ಲಿಸಿದಳು.

“ಉತ್ತರ ಬರಲಾರದ ಡಬ್ಬಿ ಕೊಟ್ಟವರು ನೀವು, ನಪಾಸ ನನ್ನ ಮಗ. ಇದ್ಯಾವ ನ್ಯಾಯ ಹೇಳಬೇ?”

ಸೆರಗು ಬಿಡಿಸಿಕೊಂಡು ನಡೆದೆ.

ನನ್ನನ್ನು ಕೆಲಸದಿಂದ ಬಿಡಿಸಲಿಲ್ಲ. ಮೇಡಂ ಬರೆದ ವರದಿಯಲ್ಲಿ ನನ್ನ ಹೆಸರಿತ್ತು, ಬಿಡಿಸಿದರೆ ಕೇಳುವವರಿದ್ದರು. ಶಶಿಕಾಂತ ಸರ್‌ರನ್ನು ಮಾತ್ರ ಮುಂದಿನ ವರ್ಷಕ್ಕೆ ಕರೆಯಲಿಲ್ಲ. ಪ್ರಿನ್ಸಿಪಾಲರು ಇದ್ದಲ್ಲೇ ಇದ್ದರು. ಸರ್ ಪುಸ್ತಕ ಒಯ್ಯಲು ಬಂದ ದಿನ ಬಸ್ ಸ್ಟ್ಯಾಂಡಿನವರೆಗೆ ಒಂದು ಚೀಲ ನಾನು ಹೊತ್ತೆ. ಮುಧೋಳದ ಬಸ್ಸು ಬಂದು ನಿಂತಾಗ ಅವರು ಕೇಳಿದರು:

“ಎರಡ ವರ್ಷ ಸುಮ್ಮ ಇದ್ದಿ ಆಯಿ. ಇನ್ನೊಂದ ದಿನ ಇರಾಕ ಆಗಲಿಲ್ಲೇನು?”

ಅವರ ಪಾಠವನ್ನೇ ಅವರಿಗೆ ತಿರುಗಿ ಹೇಳಬಹುದಿತ್ತು. ಚೀಲವನ್ನು ಕಿಟಕಿಯಿಂದ ಎತ್ತಿ ಕೊಟ್ಟೆ. ಬಸ್ಸು ಹೊರಡುವ ತನಕ ಅವರು ಉತ್ತರಕ್ಕೆ ಕಾದರು.

ಆಗಸ್ಟ್‌ನಲ್ಲಿ ಹೊಸ ಡಬ್ಬಿ ಬಂತು, ಹೊಸ ಸರ್ ಬಂದರು. ತಿಂಗಳ ಕೊನೆಗೆ ಅವರು ರಿಜಿಸ್ಟರ್ ತೆರೆದು ಬೆರಳಿಟ್ಟರು.

“ಇಲ್ಲಿ ಮಾಡ್ರಿ ಆಯಿ.”

“ಬೆರಳ ತಗೀರಿ ಸರ್. ಓದತೀನಿ.”

ನನ್ನ ಓದು ನಿಧಾನ. ಅವರು ಗಡಿಯಾರ ನೋಡಿಕೊಂಡರು. ಓದಿ ಮುಗಿಸಿ ಸ್ಟೂಲ್ ಎಳೆದುಕೊಂಡು ಹತ್ತಿದೆ, ಹಸಿರು ದೀಪಗಳನ್ನು ಒಂದೊಂದಾಗಿ ಎಣಿಸಿದೆ. ಮತ್ತೊಮ್ಮೆ ಎಣಿಸಿದೆ.

“ಹದಿನೈದ ಅದಾವ್ರಿ. ಹದಿನಾರು ಅಂತ ಬರದೀರಿ. ತಿದ್ದ್ರಿ, ಆಮ್ಯಾಲೆ ಸಹಿ.”